ಹೂವಿಗೇ ಫಸಲಿನ ಬೆಲೆ: ಹುಯಿ ಕಾ ಯಾನ್ ಕಟ್ಟಿದ್ದು, ಕಟ್ಟದೆ ಬಿಟ್ಟದ್ದು

2025ರ ಆಗಸ್ಟ್ 25ರಂದು ಹಾಂಗ್‌ಕಾಂಗ್ ಷೇರುಪೇಟೆ ತನ್ನ ಪಟ್ಟಿಯಿಂದ ‘ಚೀನಾ ಎವರ್‌ಗ್ರಾಂಡ್’ ಎಂಬ ಮನೆ ಕಟ್ಟಿ ಮಾರುವ ಕಂಪನಿಯ ಹೆಸರನ್ನು ತೆಗೆದುಹಾಕಿತು. ಆ ಷೇರಿನ ವಹಿವಾಟು ನಿಂತು ಅಷ್ಟರಲ್ಲಾಗಲೇ ಹತ್ತೊಂಬತ್ತು ತಿಂಗಳಾಗಿತ್ತು. ಹಾಗಾಗಿ ಪೇಟೆಯಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ಇದೇ ಕಂಪನಿಯ ಒಡೆಯ ಹುಯಿ ಕಾ ಯಾನ್ ಅವರನ್ನು 2017ರಲ್ಲಿ ಫೋರ್ಬ್ಸ್ ಪತ್ರಿಕೆ ಚೀನಾದ ಅತಿ ಶ್ರೀಮಂತ ವ್ಯಕ್ತಿ ಎಂದು ಕರೆದಿತ್ತು. ಆಗ ಅವರ ಸಂಪತ್ತು 4,250 ಕೋಟಿ ಡಾಲರ್. ಆರೇ ವರ್ಷಗಳ ನಂತರ, 2023ರ ಸೆಪ್ಟೆಂಬರ್ ಕೊನೆಯಲ್ಲಿ, ಅಪರಾಧದ ಶಂಕೆಯ ಮೇಲೆ ಅವರನ್ನು ಅಧಿಕಾರಿಗಳು ವಶಕ್ಕೆ ಪಡೆದಿದ್ದಾರೆ ಎಂದು ಅವರದೇ ಕಂಪನಿ ಷೇರುಪೇಟೆಗೆ ತಿಳಿಸಬೇಕಾಯಿತು.

ಮ್ಯಾಂಡರಿನ್ ಉಚ್ಚಾರದಲ್ಲಿ ಇವರು ಶು ಜಿಯಾಯಿನ್, ಕಂಪನಿ ‘ಹೆಂಗ್ದಾ’. ಇವರ ಬಗ್ಗೆ ಎರಡು ಬಗೆಯ ಕಥೆಗಳು ಚಾಲ್ತಿಯಲ್ಲಿವೆ. ದುರಾಸೆಯಿಂದ ಜನರನ್ನು ಮುಳುಗಿಸಿದ ಮನುಷ್ಯ ಎಂಬುದು ಒಂದು. ಸರ್ಕಾರ ಏಕಾಏಕಿ ಸಾಲದ ನಲ್ಲಿ ಬಿಗಿದದ್ದರಿಂದ ಬಿದ್ದುಹೋದ ಸಾಹಸಿ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಇವರ ಬದುಕನ್ನು ಹಿಂದುಮುಂದಾಗಿ ಓದುತ್ತಾ ಹೋದಂತೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ: ಅಷ್ಟೆಲ್ಲ ಕಟ್ಟಡ ಎಬ್ಬಿಸಿದ್ದು ಯಾರ ದುಡ್ಡಿನಲ್ಲಿ? ಒಡೆಯನದಲ್ಲ. ಬ್ಯಾಂಕಿನದೂ ಪೂರ್ತಿಯಾಗಿ ಅಲ್ಲ. ಅದರ ಬಹುಪಾಲು, ಇನ್ನೂ ಇಲ್ಲದ ಮನೆಗೆ ಸಾಮಾನ್ಯ ಕುಟುಂಬಗಳು ತೆತ್ತ ಮುಂಗಡ. ಹುಯಿ ಅವರ ಏಳಿಗೆಯನ್ನೂ ಪತನವನ್ನೂ ಆ ಮುಂಗಡವೇ ಬರೆದಿದೆ.

ಹುಯಿ ಹುಟ್ಟಿದ್ದು 1958ರಲ್ಲಿ, ಹೆನಾನ್ ಪ್ರಾಂತ್ಯದ ತೈಕಾಂಗ್ ಕೌಂಟಿಯ ಬಡ ಹಳ್ಳಿಯಲ್ಲಿ. ಚೀನಾದ ಭೀಕರ ಕ್ಷಾಮ ಶುರುವಾಗುತ್ತಿದ್ದ ಕಾಲ ಅದು. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಸಾಕಿದವರು ಅಜ್ಜಿ. ಸಿಹಿಗೆಣಸೇ ಹೊಟ್ಟೆ ತುಂಬಿಸುತ್ತಿದ್ದ ಬಾಲ್ಯವನ್ನು ಅವರು ಮುಂದೆ ಎಷ್ಟೋ ಭಾಷಣಗಳಲ್ಲಿ ನೆನೆದಿದ್ದಾರೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ಕಾಲೇಜು ಪ್ರವೇಶ ಪರೀಕ್ಷೆ 1977ರಲ್ಲಿ ಮತ್ತೆ ಆರಂಭವಾಯಿತು. ಮರುವರ್ಷ ಹುಯಿ ವುಹಾನ್‌ನ ಉಕ್ಕು ತಂತ್ರಜ್ಞಾನ ಕಾಲೇಜು ಸೇರಿದರು. ಸರ್ಕಾರ ಕೊಡುತ್ತಿದ್ದ ತಿಂಗಳಿಗೆ 14 ಯುವಾನ್ ವಿದ್ಯಾರ್ಥಿವೇತನ ಇಲ್ಲದಿದ್ದರೆ ಓದು ಮುಗಿಯುತ್ತಿರಲಿಲ್ಲ, ನನ್ನ ಕಂಪನಿಯ ಸಮಸ್ತವೂ ಪಕ್ಷ, ದೇಶ ಮತ್ತು ಸಮಾಜ ಕೊಟ್ಟದ್ದು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅವರ ಮಾತನ್ನು ನಾನು ತೋರಿಕೆಯದೆಂದು ತಳ್ಳಿಹಾಕಲಾರೆ. ಆ ತಲೆಮಾರಿನ ಹಳ್ಳಿ ಹುಡುಗನಿಗೆ ಆ ಪರೀಕ್ಷೆ ನಿಜಕ್ಕೂ ಮರುಜನ್ಮವಾಗಿತ್ತು.

1982ರಲ್ಲಿ ಪದವಿ ಪಡೆದು ಹೆನಾನ್‌ನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ದುಡಿದರು. 1992ರಲ್ಲಿ ಡೆಂಗ್ ಶಿಯಾವೊಪಿಂಗ್ ದಕ್ಷಿಣ ಚೀನಾ ಪ್ರವಾಸ ಮಾಡಿ ಮಾರುಕಟ್ಟೆ ಸುಧಾರಣೆಗೆ ಮತ್ತೆ ಜೀವ ತುಂಬಿದಾಗ, ಸರ್ಕಾರಿ ನೌಕರಿ ಬಿಟ್ಟು ಶೆನ್‌ಜೆನ್‌ಗೆ ಹೊರಟ ಸಾವಿರಾರು ಜನರಲ್ಲಿ ಹುಯಿ ಒಬ್ಬರು. ಅಲ್ಲಿ ಒಂದು ವ್ಯಾಪಾರ ಸಂಸ್ಥೆ ಸೇರಿ, ಅದರ ಪರವಾಗಿ ಗುವಾಂಗ್‌ಜೌನಲ್ಲಿ ವಸತಿ ಯೋಜನೆ ನಡೆಸಿ ಕಸುಬು ಕಲಿತರು. 1996ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಮೊದಲ ಯೋಜನೆ ಗುವಾಂಗ್‌ಜೌನ ‘ಜಿನ್‌ಬಿ ಗಾರ್ಡನ್’. ಉಳಿದ ಬಿಲ್ಡರ್‌ಗಳು ದೊಡ್ಡ ಮನೆಗಳ ಹಿಂದೆ ಬಿದ್ದಿದ್ದಾಗ ಇವರು ಚಿಕ್ಕ ಮನೆಗಳನ್ನು ಕಡಿಮೆ ಬೆಲೆಗೆ ಮಾರಿದರು. ಮಾರಿ ಬಂದ ಹಣವನ್ನು ಕೂಡಲೇ ಮುಂದಿನ ಜಾಗಕ್ಕೆ ಸುರಿದರು. ಇದು ಅವರ ಕೈಗುಣವೂ ಹೌದು, ಕಾಲದ ಕೊಡುಗೆಯೂ ಹೌದು.

ಕಾಲದ ಕೊಡುಗೆಯೆಂದರೆ ಏನು? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹುಯಿ ಅವರಷ್ಟೇ ಜಾಣರಾದವರು ಬೇರೆ ದೇಶಗಳಲ್ಲೂ ಇದ್ದರು, ಆದರೆ ಈ ವೇಗದಲ್ಲಿ ಬೆಳೆಯಲಿಲ್ಲ.

ಚೀನಾದಲ್ಲಿ ನಗರದ ನೆಲವೆಲ್ಲ ಸರ್ಕಾರದ್ದು. ಮನೆ ಕೊಂಡವರಿಗೆ ಸಿಗುವುದು 70 ವರ್ಷಗಳ ಬಳಕೆಯ ಹಕ್ಕು ಮಾತ್ರ. 1994ರ ತೆರಿಗೆ ಸುಧಾರಣೆಯಲ್ಲಿ ಬೀಜಿಂಗ್ ಸರ್ಕಾರ ತೆರಿಗೆಯ ಸಿಂಹಪಾಲನ್ನು ತನ್ನತ್ತ ಎಳೆದುಕೊಂಡಿತು. ಶಾಲೆ, ರಸ್ತೆ, ಆಸ್ಪತ್ರೆಗಳ ಹೊಣೆ ಮಾತ್ರ ಸ್ಥಳೀಯ ಸರ್ಕಾರಗಳ ಹೆಗಲ ಮೇಲೆಯೇ ಉಳಿಯಿತು. ಬರಿಗೈಯಾದ ನಗರಾಡಳಿತಗಳು ಕಂಡುಕೊಂಡ ದಾರಿ ನೆಲ. ಊರಂಚಿನ ಹೊಲಗಳನ್ನು ರೈತರಿಂದ ಅಗ್ಗದ ಪರಿಹಾರಕ್ಕೆ ಸ್ವಾಧೀನ ಮಾಡಿಕೊಂಡು, ಬಳಕೆಯ ಹಕ್ಕನ್ನು ಬಿಲ್ಡರ್‌ಗಳಿಗೆ ಹರಾಜು ಹಾಕುವುದು. 1998ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ನೌಕರರಿಗೆ ಕಾರ್ಖಾನೆ ಅಥವಾ ಕಚೇರಿಯೇ ಮನೆ ಹಂಚುತ್ತಿದ್ದ ಪದ್ಧತಿ ರದ್ದಾಯಿತು. ಒಂದಿಡೀ ದೇಶದ ಜನ ಮನೆ ಕೊಳ್ಳಲು ಪೇಟೆಗೆ ಬಂದರು. ಷೇರುಪೇಟೆಯನ್ನು ನಂಬದ, ಬ್ಯಾಂಕಿನ ಬಡ್ಡಿ ಸಾಕಾಗದ ಮಧ್ಯಮವರ್ಗಕ್ಕೆ ಮನೆಯೇ ಉಳಿತಾಯವಾಯಿತು, ಮನೆಯೇ ಪಿಂಚಣಿಯಾಯಿತು, ಮಗನಿಗೆ ಹೆಣ್ಣು ಸಿಗುವುದಕ್ಕೂ ಮನೆಯೇ ಅರ್ಹತೆಯಾಯಿತು. 2021ರಲ್ಲಿ ನೆಲದ ಮಾರಾಟದಿಂದಲೇ ಚೀನಾದ ಸ್ಥಳೀಯ ಸರ್ಕಾರಗಳಿಗೆ ಬಂದ ಆದಾಯ ಸುಮಾರು 8.7 ಲಕ್ಷ ಕೋಟಿ ಯುವಾನ್. ಮನೆಯ ಬೆಲೆ ಇಳಿಯುವುದು ನಗರಾಡಳಿತಕ್ಕೆ ಬೇಕಿರಲಿಲ್ಲ, ಬ್ಯಾಂಕಿಗೆ ಬೇಕಿರಲಿಲ್ಲ, ಆಗಲೇ ಮನೆ ಕೊಂಡವನಿಗೂ ಬೇಕಿರಲಿಲ್ಲ.

ಈ ಚಕ್ರದೊಳಗಿನ ಅಚ್ಚು ಎಂದರೆ, ಕಟ್ಟುವ ಮೊದಲೇ ಮಾರುವ ಪದ್ಧತಿ. ಇದನ್ನು 1950ರ ದಶಕದಲ್ಲಿ ಹಾಂಗ್‌ಕಾಂಗ್‌ನಲ್ಲಿ ಬಳಕೆಗೆ ತಂದವರು ಹೆನ್ರಿ ಫೋಕ್ ಎಂಬ ಉದ್ಯಮಿ. ಅಲ್ಲಿನ ಜನ ಇಂತಹ ಮನೆಗೆ ಕೊಟ್ಟ ಹೆಸರು ‘ಕಟ್ಟಡದ ಹೂವು’. ಹಣ್ಣು ಕೈಗೆ ಬರುವ ಮೊದಲೇ ಹೂವು ನೋಡಿ ಬೆಲೆ ಕಟ್ಟುವುದು. ಶ್ರೀನಿವಾಸಪುರದ ಮಾವಿನ ತೋಟಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮರ ಹೂ ಬಿಟ್ಟಾಗಲೇ ವ್ಯಾಪಾರಿ ಫಸಲಿಗೆ ಬೆಲೆ ಮಾತಾಡಿ ಮುಂಗಡ ಕೊಟ್ಟು ಹೋಗುತ್ತಾನೆ. ಹೂವು ಉದುರಿದರೆ ನಷ್ಟ ಅವನದು. ಆದರೆ ಅವನು ಹತ್ತು ತೋಟ ಹಿಡಿದಿರುತ್ತಾನೆ. ಒಂದರ ನಷ್ಟವನ್ನು ಇನ್ನೊಂದರಲ್ಲಿ ತುಂಬಿಕೊಳ್ಳುತ್ತಾನೆ. ಕಟ್ಟಡದ ಹೂವನ್ನು ಕೊಳ್ಳುವ ಕುಟುಂಬಕ್ಕೆ ಇರುವುದು ಒಂದೇ ತೋಟ, ಒಂದೇ ಮರ.

ಅದರಲ್ಲೂ ಚೀನಾದ ಪದ್ಧತಿ ಇನ್ನಷ್ಟು ಕಠಿಣ. ನಮ್ಮಲ್ಲಿ ಸಾಮಾನ್ಯವಾಗಿ ಬ್ಯಾಂಕು ಗೃಹಸಾಲವನ್ನು ಕಟ್ಟಡದ ಹಂತಕ್ಕೆ ತಕ್ಕಂತೆ ಬಿಡುಗಡೆ ಮಾಡುತ್ತದೆ. ಅಡಿಪಾಯಕ್ಕೆ ಇಷ್ಟು, ಪ್ರತಿ ಛಾವಣಿಗೆ ಇಷ್ಟು ಎಂದು. ಚೀನಾದಲ್ಲಿ ಕೊಳ್ಳುವವರು ಶೇ 30ರ ಆಸುಪಾಸಿನ ಹಣವನ್ನು ಕೈಯಿಂದ ಕಟ್ಟಿದರೆ, ಉಳಿದ ಸಾಲವನ್ನು ಬ್ಯಾಂಕು ಬಹುತೇಕ ಒಂದೇ ಬಾರಿಗೆ ಬಿಲ್ಡರ್‌ಗೆ ಕೊಟ್ಟುಬಿಡುತ್ತಿತ್ತು. ಮನೆ ಕೈಗೆ ಬರಲು ಎರಡು ಮೂರು ವರ್ಷ. ಸಾಲದ ಕಂತು ಮಾತ್ರ ಕೂಡಲೇ ಆರಂಭ. ಆ ಹಣ ಸ್ಥಳೀಯ ಆಡಳಿತದ ನಿಗಾ ಇರುವ ಖಾತೆಯಲ್ಲಿರಬೇಕು, ಕೆಲಸ ಮುಂದುವರಿದಂತೆ ತೆಗೆಯಬೇಕು ಎಂಬ ನಿಯಮ ಕಾಗದದ ಮೇಲಿತ್ತು. ಒಂದೊಂದು ನಗರದಲ್ಲಿ ಒಂದೊಂದು ರೀತಿ. ನೆಲ ಕೊಳ್ಳಲು ಬಿಲ್ಡರ್ ಬೇಕಿರುವ ನಗರಾಡಳಿತವೇ ಆ ಬಿಲ್ಡರ್‌ನ ಖಾತೆಗೆ ಕಾವಲು. ಬೇಲಿಯೇ ಹೊಲ ಮೇಯ್ದಾಗ ನಾವು ಆಶ್ಚರ್ಯಪಡುತ್ತೇವೆ. ಇಲ್ಲಿ ಬೇಲಿಗೂ ಫಸಲಿನಲ್ಲಿ ಪಾಲಿತ್ತು.

ಹೀಗಾಗಿ ಹುಯಿ ಕಂಡುಕೊಂಡ ಲೆಕ್ಕ ಸರಳ. ಸಾಲ ಮಾಡಿ ನೆಲ ಹಿಡಿ. ಕೆಲವೇ ತಿಂಗಳಲ್ಲಿ ಮಾದರಿ ಮನೆ ತೋರಿಸಿ ಎಲ್ಲ ಮನೆಗಳನ್ನೂ ಮಾರು. ಬಂದ ಮುಂಗಡದಲ್ಲಿ ಮುಂದಿನ ಊರಿನ ನೆಲ ಹಿಡಿ. ಕಂಬಿ, ಸಿಮೆಂಟು, ಕಿಟಕಿ ಒದಗಿಸಿದವರಿಗೆ ನಗದಿನ ಬದಲು ಹುಂಡಿ, ಅಂದರೆ ಮುಂದೆ ಹಣ ಕೊಡುವ ಪತ್ರ, ಕೊಡು. ಹೆಚ್ಚು ಸಾಲ, ವೇಗದ ಮಾರಾಟ, ಅಗ್ಗದ ವೆಚ್ಚ. ಕಂಪನಿಯೇ ಈ ಸೂತ್ರವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. ಇದರಲ್ಲಿ ಮೊದಲನೆಯವನ ಗೋಡೆಗೆ ಮೂರನೆಯವನ ದುಡ್ಡು ಬೇಕು. ಮೂರನೆಯವನು ಬರುವುದು ನಿಂತರೆ ಮೊದಲನೆಯವನ ಗೋಡೆ ಅಲ್ಲಿಗೇ ನಿಲ್ಲುತ್ತದೆ.

ಮೊದಲ ಎಚ್ಚರಿಕೆ ಸಿಕ್ಕಿದ್ದು 2008ರಲ್ಲೇ. ಆ ವರ್ಷದ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಷೇರು ಬಿಡಲು ಹೊರಟು, ಪೇಟೆ ಕುಸಿದದ್ದರಿಂದ ಹಿಂದೆ ಸರಿಯಬೇಕಾಯಿತು. ನೆಲಕ್ಕಾಗಿ ಮಾಡಿದ ಸಾಲ ಕುತ್ತಿಗೆಗೆ ಬಂದಿತ್ತು. ಆಗ ಅವರು ಹಾಂಗ್‌ಕಾಂಗ್‌ನ ಹಿರಿಯ ಆಭರಣ ಮತ್ತು ಆಸ್ತಿ ಉದ್ಯಮಿ ಚೆಂಗ್ ಯು-ತುಂಗ್ ಅವರ ಸ್ನೇಹ ಬೆಳೆಸಿದರು. ಇಸ್ಪೀಟು ಮೇಜಿನ ಸುತ್ತ ಬೆಳೆದ ಗೆಳೆತನ ಅದೆಂದು ಹಾಂಗ್‌ಕಾಂಗ್ ಪತ್ರಿಕೆಗಳು ಬರೆದವು. ಚೆಂಗ್ ಮತ್ತು ಇತರ ಹೂಡಿಕೆದಾರರಿಂದ 50 ಕೋಟಿ ಡಾಲರ್‌ಗೂ ಮಿಕ್ಕಿದ ಹಣ ಬಂದು ಕಂಪನಿ ಉಸಿರಾಡಿತು. ಅದೇ ಹೊತ್ತಿಗೆ ಜಾಗತಿಕ ಹಿಂಜರಿತ ಎದುರಿಸಲು ಚೀನಾ ಸರ್ಕಾರ ಸಾಲದ ಹೊಳೆ ಹರಿಸಿತು. ಮನೆಯ ಬೆಲೆ ಮತ್ತೆ ಏರಿತು. 2009ರ ನವೆಂಬರ್‌ನಲ್ಲಿ ಷೇರು ಪೇಟೆಗೆ ಬಂದ ಮೊದಲ ದಿನವೇ ಶೇ 30ಕ್ಕೂ ಹೆಚ್ಚು ಜಿಗಿಯಿತು. ನನ್ನ ಎಣಿಕೆಯಲ್ಲಿ ಹುಯಿ ಅವರ ಬದುಕಿನ ಅತ್ಯಂತ ಹಾನಿಕರ ಘಟನೆ ಇದೇ. ಮುಳುಗುವ ಹೊತ್ತಿಗೆ ಯಾರಾದರೂ ಕೈ ಹಿಡಿದೇ ಹಿಡಿಯುತ್ತಾರೆ ಎಂಬ ಪಾಠವನ್ನು ಅವರೂ ಕಲಿತರು, ಅವರಿಗೆ ಸಾಲ ಕೊಟ್ಟವರೂ ಕಲಿತರು.

ಈ ಕಟ್ಟಡಗಳ ಭರಾಟೆಯ ಒಂದು ಎಳೆ ನಮ್ಮ ಬಳ್ಳಾರಿಯವರೆಗೂ ಚಾಚಿತ್ತು ಎಂಬುದನ್ನು ನಾವು ಮರೆಯುತ್ತೇವೆ. 2000ದಲ್ಲಿ ಸುಮಾರು 13 ಕೋಟಿ ಟನ್ ಇದ್ದ ಚೀನಾದ ಉಕ್ಕಿನ ಉತ್ಪಾದನೆ 2020ರಲ್ಲಿ 100 ಕೋಟಿ ಟನ್ ದಾಟಿತು. ಆ ಉಕ್ಕಿನ ದೊಡ್ಡ ಪಾಲು ಹೋದದ್ದು ಕಟ್ಟಡ ಮತ್ತು ರಸ್ತೆ ಸೇತುವೆಗಳಿಗೆ. ಆ ಹಸಿವಿನಿಂದಾಗಿಯೇ ಅದಿರಿನ ಬೆಲೆ ಗಗನಕ್ಕೇರಿ, ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಹಗಲಿರುಳು ಲಾರಿಗಳು ಸಾಲುಗಟ್ಟಿದವು. ರಸ್ತೆ ಬದಿಯ ಗಿಡಮರ, ಮನೆಗಳ ಮೇಲೆ ಕೆಂಪು ದೂಳು ಕೂತಿತು. ಬೇಲೇಕೇರಿ ಬಂದರಿನಿಂದ ಜಪ್ತಿಯಾದ ಅದಿರೇ ಮಾಯವಾಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಯಾವ ಕಟ್ಟಡಕ್ಕೆ ಯಾವ ಗುಡ್ಡದ ಅದಿರು ಹೋಯಿತು ಎಂದು ಯಾರೂ ಹೇಳಲಾರರು. ಆದರೆ ಚೀನಾದ ಹೊಸ ನಗರಗಳಲ್ಲಿ ವಾಸಕ್ಕೆ ಜನರಿಲ್ಲದೆ ನಿಂತ ಗೋಪುರಗಳನ್ನು ಕಂಡಾಗ, ನಮ್ಮ ಗುಡ್ಡಗಳು ಕರಗಿದ್ದು ಇಂಥದ್ದಕ್ಕೂ ಆಗಿತ್ತೇ ಎಂದು ಕರುಳು ಚುರುಕ್ಕೆನ್ನುತ್ತದೆ.

2010ರ ನಂತರದ ವೈಭವವನ್ನು ಹೆಚ್ಚು ವಿವರಿಸುವ ಅಗತ್ಯ ಕಾಣುವುದಿಲ್ಲ. ಹುಯಿ 10 ಕೋಟಿ ಯುವಾನ್‌ಗೆ ಗುವಾಂಗ್‌ಜೌ ಫುಟ್‌ಬಾಲ್ ತಂಡ ಕೊಂಡರು. ಇಟಲಿಯ ವಿಶ್ವಕಪ್ ವಿಜೇತ ಕೋಚ್ ಮಾರ್ಚೆಲ್ಲೊ ಲಿಪ್ಪಿ ಅವರನ್ನು ಕರೆತಂದರು. ತಂಡ 2013 ಮತ್ತು 2015ರಲ್ಲಿ ಏಷ್ಯಾ ಚಾಂಪಿಯನ್ ಆಯಿತು. ಬಾಟಲಿ ನೀರು, ಹಾಲಿನ ಪುಡಿ, ಆಸ್ಪತ್ರೆ, ಹೈನಾನ್ ತೀರದಲ್ಲಿ ಹೂವಿನಾಕಾರದ ಕೃತಕ ದ್ವೀಪ, ಕೊನೆಗೆ ವಿದ್ಯುತ್ ಕಾರು. 2021ರ ಆರಂಭದಲ್ಲಿ ಒಂದೂ ಕಾರು ಮಾರದ ಅವರ ಕಾರು ಕಂಪನಿಯ ಷೇರು ಮೌಲ್ಯ ಅಮೆರಿಕದ ಫೋರ್ಡ್ ಕಂಪನಿಗಿಂತ ಹೆಚ್ಚಿತ್ತು. ಗುವಾಂಗ್‌ಜೌನಲ್ಲಿ ಲಕ್ಷ ಜನ ಕೂರುವ ತಾವರೆಯಾಕಾರದ ಕ್ರೀಡಾಂಗಣದ ಕೆಲಸವೂ 2020ರಲ್ಲಿ ಶುರುವಾಗಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇದಕ್ಕೆ ಅಕ್ಷರಶಃ ಒಪ್ಪುತ್ತದೆ. ಇನ್ನೊಂದು ಮುಖವೂ ಇತ್ತು. ಗುಯಿಜೌ ಪ್ರಾಂತ್ಯದ ಬಡ ಕೌಂಟಿ ದಾಫಾಂಗ್‌ನಲ್ಲಿ ಬಡತನ ನಿವಾರಣೆಗೆ ಕಂಪನಿ ನೂರಾರು ಕೋಟಿ ಯುವಾನ್ ತೊಡಗಿಸಿತು. ಹುಯಿ ರಾಷ್ಟ್ರೀಯ ರಾಜಕೀಯ ಸಲಹಾ ಮಹಾಸಭೆಯ ಸ್ಥಾಯಿ ಸಮಿತಿಗೆ ಏರಿದರು. ಈ ದಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಹಳ್ಳಿಗಳಿಗೆ ಅದು ನಿಜವಾದ ನೆರವು. ಹಾಗೆಯೇ, ಪಕ್ಷದ ಗುರಿಗೆ ಹೀಗೆ ಹೆಗಲು ಕೊಟ್ಟವರಿಗೆ ಸಾಲ ಬೇಡ ಎನ್ನಲು ಯಾವ ಬ್ಯಾಂಕಿನ ಅಧಿಕಾರಿಗೂ ಧೈರ್ಯ ಬರುತ್ತಿರಲಿಲ್ಲ ಎಂಬುದೂ ನಿಜ.

‘ಮನೆ ಇರುವುದು ವಾಸಕ್ಕೆ, ಸಟ್ಟಾ ವ್ಯಾಪಾರಕ್ಕಲ್ಲ’ ಎಂದು ಷಿ ಜಿನ್‌ಪಿಂಗ್ ಸರ್ಕಾರ 2016ರಿಂದಲೇ ಹೇಳುತ್ತಿತ್ತು. 2020ರ ಆಗಸ್ಟ್‌ನಲ್ಲಿ ಅದು ಬಿಲ್ಡರ್‌ಗಳಿಗೆ ಮೂರು ಕೆಂಪು ಗೆರೆ ಎಳೆಯಿತು. ಮುಂಗಡವನ್ನು ಬಿಟ್ಟು ಲೆಕ್ಕ ಹಾಕಿದರೆ ಹೊಣೆಗಾರಿಕೆ ಆಸ್ತಿಯ ಶೇ 70 ಮೀರಬಾರದು, ನಿವ್ವಳ ಸಾಲ ಸ್ವಂತ ಬಂಡವಾಳಕ್ಕಿಂತ ಹೆಚ್ಚಿರಬಾರದು, ಅಲ್ಪಾವಧಿ ಸಾಲ ತೀರಿಸುವಷ್ಟು ನಗದು ಕೈಯಲ್ಲಿರಬೇಕು. ಎವರ್‌ಗ್ರಾಂಡ್ ಮೂರನ್ನೂ ದಾಟಿ ನಿಂತಿತ್ತು. ಹೊಸ ಸಾಲದ ಬಾಗಿಲು ಮುಚ್ಚಿತು.

ನಿಯಮ ತಪ್ಪಾಗಿತ್ತು ಎಂದು ನನಗೆ ಅನಿಸುವುದಿಲ್ಲ. ತಡವಾಗಿತ್ತು, ಒಮ್ಮೆಲೇ ಬಿಗಿಯಾಗಿತ್ತು. ಇಪ್ಪತ್ತು ವರ್ಷ ನೆಲ ಮಾರಿ ಉಂಡ ಆಡಳಿತ ಒಂದು ಬೆಳಗ್ಗೆ ಎದ್ದು ಸಾಲ ಪಾಪ ಎಂದಿತು. ಪಟ್ಟು ಬಿಗಿಯಾದಾಗ ಮೊದಲು ಸಿಕ್ಕಿಬಿದ್ದವರು ಸಾಲ ಮಾಡಿದವರಲ್ಲ, ಮುಂಗಡ ಕೊಟ್ಟವರು.

ಸಾಲದ ದಾರಿ ಮುಚ್ಚಿದಾಗ ಕಂಪನಿ ಹಣಕ್ಕಾಗಿ ತನ್ನವರನ್ನೇ ಹಿಂಡಿತು. ಹೆಚ್ಚಿನ ಬಡ್ಡಿಯ ಆಸೆ ತೋರಿಸುವ ‘ಸಂಪತ್ತು ನಿರ್ವಹಣೆ’ ಪತ್ರಗಳನ್ನು ನೌಕರರಿಗೆ, ಅವರ ಬಂಧುಗಳಿಗೆ, ತನ್ನದೇ ಫ್ಲ್ಯಾಟ್‌ಗಳ ನಿವಾಸಿಗಳಿಗೆ ಮಾರಿತ್ತು. 80,000ಕ್ಕೂ ಹೆಚ್ಚು ಜನ ಅದರಲ್ಲಿ ಹಣ ತೊಡಗಿಸಿದ್ದರು. ಸುಮಾರು 4,000 ಕೋಟಿ ಯುವಾನ್ ಬಾಕಿ ಇರುವಾಗ ಪಾವತಿ ನಿಂತಿತು. 2021ರ ಸೆಪ್ಟೆಂಬರ್‌ನಲ್ಲಿ ಶೆನ್‌ಜೆನ್‌ನ ಪ್ರಧಾನ ಕಚೇರಿಯ ಒಳಗೆ ನುಗ್ಗಿ ನೆಲದ ಮೇಲೆ ಕುಳಿತವರಲ್ಲಿ ವಯಸ್ಸಾದವರಿದ್ದರು, ಕಂಪನಿಯ ಸಮವಸ್ತ್ರದ ಸಿಬ್ಬಂದಿಯೂ ಅಲ್ಲೇ ಇದ್ದರು. ಅದೇ ಡಿಸೆಂಬರ್‌ನಲ್ಲಿ ಕಂಪನಿ ವಿದೇಶಿ ಸಾಲದ ಬಡ್ಡಿ ಕಟ್ಟಲಾಗದೆ ಸುಸ್ತಿದಾರ ಎನಿಸಿಕೊಂಡಿತು. ಅಪಾರ್ಟ್‌ಮೆಂಟ್ ನಿರ್ವಹಣೆ ನೋಡಿಕೊಳ್ಳುವ ಅದರ ಅಂಗಸಂಸ್ಥೆಯ ಖಾತೆಯಲ್ಲಿದ್ದ ಸುಮಾರು 1,340 ಕೋಟಿ ಯುವಾನ್ ಠೇವಣಿಯನ್ನು ಬೇರೆಯವರ ಸಾಲಕ್ಕೆ ಅಡವಿಟ್ಟಿದ್ದು, ಬ್ಯಾಂಕುಗಳು ಅದನ್ನು ಮುಟ್ಟುಗೋಲು ಹಾಕಿಕೊಂಡ ಮೇಲೆ ಹೊರಬಿತ್ತು.

ಇನ್ನು ಮನೆ ಕೊಂಡವರು. ಅರ್ಧಕ್ಕೆ ನಿಂತ ಕಟ್ಟಡಕ್ಕೆ ಚೀನೀ ಭಾಷೆಯಲ್ಲಿ ‘ಕೊಳೆತ ಬಾಲದ ಕಟ್ಟಡ’ ಎಂಬ ಮಾತಿದೆ. 2022ರ ಜೂನ್ ಕೊನೆಯಲ್ಲಿ, ಪಿಂಗಾಣಿಗೆ ಹೆಸರಾದ ಜಿಂಗ್ಡೆಜೆನ್ ನಗರದಲ್ಲಿ ಎವರ್‌ಗ್ರಾಂಡ್ ಯೋಜನೆಯೊಂದರ ಗ್ರಾಹಕರು ಒಂದು ಪತ್ರ ಬರೆದರು. ಇಂತಿಷ್ಟು ದಿನದೊಳಗೆ ಕೆಲಸ ಆರಂಭಿಸದಿದ್ದರೆ ನಾವು ಗೃಹಸಾಲದ ಕಂತು ಕಟ್ಟುವುದಿಲ್ಲ. ಅಲ್ಲಿಂದ ಕೆಲವೇ ವಾರಗಳಲ್ಲಿ ಈ ಅಸಹಕಾರ ಸುಮಾರು ನೂರು ನಗರಗಳ 300ಕ್ಕೂ ಹೆಚ್ಚು ಯೋಜನೆಗಳಿಗೆ ಹಬ್ಬಿತು. ಸಾಲದ ಕಂತಿನ ಜೊತೆಗೆ ಬಾಡಿಗೆಯನ್ನೂ ತೆರಲಾಗದ ಕುಟುಂಬಗಳು ಕೆಲವು ಊರುಗಳಲ್ಲಿ ನೀರು, ವಿದ್ಯುತ್, ಲಿಫ್ಟ್ ಇಲ್ಲದ ಅಸ್ಥಿಪಂಜರದಂಥ ಕಟ್ಟಡಗಳಿಗೇ ಹೋಗಿ ವಾಸ ಮಾಡಿದವು. ಪ್ರತಿಭಟನೆಯೇ ಅಪಾಯವಾಗಿರುವ ದೇಶದಲ್ಲಿ ಜನ ಹೆಸರು, ಸಹಿ, ಹೆಬ್ಬೆರಳಿನ ಗುರುತು ಹಾಕಿ ಇಂಥ ಪತ್ರ ಬರೆಯಬೇಕಾದರೆ ಅವರಲ್ಲಿ ಕಳೆದುಕೊಳ್ಳಲು ಎಷ್ಟು ಕಡಿಮೆ ಉಳಿದಿತ್ತು ಎಂದು ಯೋಚಿಸಿ. ಬೀಜಿಂಗ್ ಕೊನೆಗೂ ಬಗ್ಗಿದ್ದು ಈ ಪತ್ರಗಳಿಗೆ. ಸಾಲ ಕೊಟ್ಟವರ ಒತ್ತಡಕ್ಕಲ್ಲ. ‘ಮನೆಗಳ ಹಸ್ತಾಂತರ ಖಾತರಿ’ ಎಂಬ ನೀತಿಯಡಿ ವಿಶೇಷ ಸಾಲ ಕೊಟ್ಟು, ನಿಂತ ಯೋಜನೆಗಳನ್ನು ಮುಗಿಸಲು ಸ್ಥಳೀಯ ಆಡಳಿತಗಳಿಗೆ ಸೂಚಿಸಿತು.

ಲೆಕ್ಕದ ಪುಸ್ತಕ ತೆರೆದಾಗ ಕಂಡದ್ದು ಇನ್ನೂ ದೊಡ್ಡ ಗುಂಡಿ. 2021 ಮತ್ತು 2022ರ ಒಟ್ಟು ನಷ್ಟ 81,000 ಕೋಟಿ ಯುವಾನ್ ದಾಟಿತ್ತು. 2022ರ ಕೊನೆಗೆ ಒಟ್ಟು ಹೊಣೆಗಾರಿಕೆ 2.4 ಲಕ್ಷ ಕೋಟಿ ಯುವಾನ್‌ಗೂ ಹೆಚ್ಚು. ನಮ್ಮ ರೂಪಾಯಿಯಲ್ಲಿ ಹೇಳಿದರೆ, ಕರ್ನಾಟಕದ 2025–26ರ ಬಜೆಟ್ ಗಾತ್ರವಾದ 4.09 ಲಕ್ಷ ಕೋಟಿಯ ಸುಮಾರು ಏಳು ಪಟ್ಟು. 2024ರ ಮಾರ್ಚ್‌ನಲ್ಲಿ ಚೀನಾದ ಷೇರು ನಿಯಂತ್ರಣ ಆಯೋಗ ಹೇಳಿದ್ದು ಇದಕ್ಕಿಂತ ಮುಖ್ಯ. ಎವರ್‌ಗ್ರಾಂಡ್‌ನ ಪ್ರಮುಖ ಅಂಗಸಂಸ್ಥೆ 2019ರಲ್ಲಿ ಸುಮಾರು 21,400 ಕೋಟಿ ಯುವಾನ್, 2020ರಲ್ಲಿ ಸುಮಾರು 35,000 ಕೋಟಿ ಯುವಾನ್ ಆದಾಯವನ್ನು ಉಬ್ಬಿಸಿ ತೋರಿಸಿತ್ತು. 2020ರಲ್ಲಿ ಅದು ತೋರಿಸಿದ ಆದಾಯದ ಮುಕ್ಕಾಲಿಗಿಂತ ಹೆಚ್ಚು ಭಾಗ ಹೀಗೆ ಉಬ್ಬಿಸಿದ್ದು.

ಉಬ್ಬಿಸಿದ್ದು ಹೇಗೆ ಎಂಬುದನ್ನು ಗಮನಿಸಬೇಕು. ಇಲ್ಲದ ಗ್ರಾಹಕರನ್ನು ಸೃಷ್ಟಿಸಿದ್ದು ಇಲ್ಲಿನ ತಂತ್ರವಲ್ಲ. ಮನೆ ಹಸ್ತಾಂತರವಾಗುವ ಮೊದಲೇ ಆ ಮಾರಾಟವನ್ನು ಆದಾಯವೆಂದು ಬರೆದುಕೊಂಡದ್ದು. ಲೆಕ್ಕಶಾಸ್ತ್ರದಲ್ಲಿ ಮುಂಗಡವೆಂಬುದು ಋಣ. ಕೀಲಿಕೈ ಕೊಟ್ಟ ದಿನವಷ್ಟೇ ಅದು ಆದಾಯವಾಗುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಕೂಸಿನ ಹೆಸರಲ್ಲಿ ಆಸ್ತಿಯನ್ನೂ ಬರೆಸಿಕೊಂಡಂತಾಯಿತು. ಈ ಉಬ್ಬಿದ ಆದಾಯದಿಂದ ಉಬ್ಬಿದ ಲಾಭ, ಆ ಲಾಭದ ಮೇಲೆ ಷೇರುದಾರರಿಗೆ ಡಿವಿಡೆಂಡ್. ಕಂಪನಿಯ ಶೇ 70ಕ್ಕೂ ಹೆಚ್ಚು ಷೇರು ಹುಯಿ ಅವರ ಕೈಯಲ್ಲಿದ್ದಾಗ ಆ ಡಿವಿಡೆಂಡ್‌ನ ದೊಡ್ಡ ಪಾಲು ಯಾರಿಗೆ ಹೋಯಿತು ಎಂದು ಹೇಳಬೇಕಿಲ್ಲ. ಗೋಡೆ ಏಳುವ ಮೊದಲೇ ಒಡೆಯನ ಪಾಲು ಹೊರಗೆ ಹೋಗಿತ್ತು. ಅಂಗಸಂಸ್ಥೆಗೆ 417.5 ಕೋಟಿ ಯುವಾನ್ ದಂಡ ಬಿತ್ತು. ಹುಯಿ ಅವರಿಗೆ 4.7 ಕೋಟಿ ಯುವಾನ್ ದಂಡ ಮತ್ತು ಷೇರುಪೇಟೆಯಿಂದ ಆಜೀವ ನಿಷೇಧ. ವರ್ಷಗಟ್ಟಲೆ ಈ ಲೆಕ್ಕಕ್ಕೆ ಸಹಿ ಹಾಕಿದ್ದ ಲೆಕ್ಕಪರಿಶೋಧಕ ಸಂಸ್ಥೆ ಪಿಡಬ್ಲ್ಯುಸಿಯ ಚೀನಾ ಘಟಕಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಆರು ತಿಂಗಳ ನಿಷೇಧ ಮತ್ತು 44.1 ಕೋಟಿ ಯುವಾನ್ ದಂಡ.

ಇದೆಲ್ಲ ಚೀನಾದ ಕಥೆ, ನಮ್ಮಲ್ಲಿ ಹಾಗಿಲ್ಲ ಎನ್ನುವ ಸಮಾಧಾನ ಅರ್ಧ ಮಾತ್ರ ಸರಿ. ನೊಯಿಡಾ ಸುತ್ತಮುತ್ತ ಆಮ್ರಪಾಲಿ ಕಂಪನಿಯ ಯೋಜನೆಗಳಲ್ಲಿ 42,000ಕ್ಕೂ ಹೆಚ್ಚು ಕುಟುಂಬಗಳು ಸಿಕ್ಕಿಕೊಂಡಿದ್ದವು. ಅಲ್ಲೂ ಮುಂಗಡ ಬೇರೆಡೆಗೆ ಹರಿದಿತ್ತು. 2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ರದ್ದುಮಾಡಿ, ಕಟ್ಟಡ ಮುಗಿಸುವ ಹೊಣೆಯನ್ನು ಸರ್ಕಾರಿ ಸಂಸ್ಥೆಯಾದ ಎನ್‌ಬಿಸಿಸಿಗೆ ಒಪ್ಪಿಸಬೇಕಾಯಿತು. 2016ರ ರೇರಾ ಕಾಯ್ದೆಯಂತೆ ಗ್ರಾಹಕರಿಂದ ಬಂದ ಹಣದ ಶೇ 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು. ಅದನ್ನು ಆ ಯೋಜನೆಯ ನೆಲ ಮತ್ತು ನಿರ್ಮಾಣಕ್ಕಷ್ಟೇ ಬಳಸಬೇಕು, ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರ ಪ್ರಮಾಣಪತ್ರದ ಮೇಲೆ ಹಂತಹಂತವಾಗಿ ತೆಗೆಯಬೇಕು. ನೋಂದಾಯಿತ ಕರಾರು ಪತ್ರವಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ರೇರಾ ನೋಂದಣಿಗೆ ಮುಂಚೆ ಜಾಹೀರಾತು, ಬುಕಿಂಗ್ ಎರಡೂ ನಿಷಿದ್ಧ. ಹುಯಿ ಅವರ ವೇಗಕ್ಕೆ ಈ ಕಾಯ್ದೆಯ ಅಕ್ಷರಗಳು ಖಂಡಿತ ಅಡ್ಡಿಯಾಗುತ್ತಿದ್ದವು. ಆದರೆ ಬೆಂಗಳೂರಿನಲ್ಲಿ ‘ಪ್ರೀ-ಲಾಂಚ್’ ಎಂಬ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆ ಎಂಬುದನ್ನು ಮನೆ ಹುಡುಕಿದ ಯಾರನ್ನಾದರೂ ಕೇಳಿ. ನೋಂದಣಿ ಸಂಖ್ಯೆ ಬರುವ ಮೊದಲೇ ‘ಆಸಕ್ತಿ ಪತ್ರ’ದ ಹೆಸರಿನಲ್ಲಿ ಚೆಕ್ ಪಡೆಯುವುದು, ಈಗ ಕೊಟ್ಟರೆ ಚದರ ಅಡಿಗೆ ಇಷ್ಟು ಕಡಿಮೆ ಎಂದು ಆಸೆ ಹುಟ್ಟಿಸುವುದು, ಇವೆಲ್ಲ ಅದೇ ಹೂವಿನ ವ್ಯಾಪಾರ. ಕಡಿಮೆ ಬೆಲೆಯೆಂದರೆ ಬಿಲ್ಡರ್‌ಗೆ ನಾವು ಕೊಡುವ ಭದ್ರತೆಯಿಲ್ಲದ ಸಾಲ ಎಂಬುದು ಅರ್ಥವಾಗುವಷ್ಟರಲ್ಲಿ ಕಂತು ಆರಂಭವಾಗಿರುತ್ತದೆ.

ಮತ್ತೆ ಹಾಂಗ್‌ಕಾಂಗ್‌ಗೆ ಬರೋಣ. 2024ರ ಜನವರಿ 29ರಂದು ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶೆ ಲಿಂಡಾ ಚಾನ್, ಇನ್ನು ಸಾಕು ಎಂದು ಹೇಳಿ ಎವರ್‌ಗ್ರಾಂಡ್ ಸಮಾಪನಕ್ಕೆ ಆದೇಶಿಸಿದರು. ಅಂದಿನಿಂದ ಕಂಪನಿಯ ಆಸ್ತಿ ಹುಡುಕಿ, ಮಾರಿ, ಸಾಲ ಕೊಟ್ಟವರಿಗೆ ಹಂಚುವುದು ಲಿಕ್ವಿಡೇಟರ್‌ಗಳ ಕೆಲಸ. 2025ರ ಆಗಸ್ಟ್‌ನಲ್ಲಿ ಅವರು ಕೊಟ್ಟ ವರದಿಯಂತೆ ಅವರ ಮುಂದೆ ಬಂದಿರುವ ಸಾಲದ ಹಕ್ಕೊತ್ತಾಯ ಸುಮಾರು 4,500 ಕೋಟಿ ಡಾಲರ್. ಅಷ್ಟರವರೆಗೆ ಮಾರಲು ಸಾಧ್ಯವಾದ ಆಸ್ತಿ ಸುಮಾರು 25.5 ಕೋಟಿ ಡಾಲರ್. ಕಾರಣ ಸ್ಪಷ್ಟ. ಹಾಂಗ್‌ಕಾಂಗ್‌ನಲ್ಲಿರುವುದು ತಾಯಿ ಕಂಪನಿಯ ಷೇರು ಪತ್ರ. ನೆಲ, ಕಟ್ಟಡ, ಗೋಡೆಗಳೆಲ್ಲ ಇರುವುದು ಚೀನಾದ ಒಳಗೆ, ನೂರಾರು ಅಂಗಸಂಸ್ಥೆಗಳ ಹೆಸರಿನಲ್ಲಿ, ಸ್ಥಳೀಯ ನ್ಯಾಯಾಲಯಗಳ ಹಿಡಿತದಲ್ಲಿ. ಅಲ್ಲಿ ಮೊದಲ ಸರದಿ ಮನೆ ಕೊಂಡವರದು. ವಿದೇಶಿ ಬಾಂಡ್ ಕೊಂಡವರು ಸಾಲಿನ ತುದಿಯಲ್ಲಿ. ಆ ಸರದಿ ಸರಿಯಾಗಿಯೇ ಇದೆ ಎಂಬುದು ನನ್ನ ಮತ. ಶೇ 10ರ ಹತ್ತಿರದ ಬಡ್ಡಿಗೆ ಆಸೆಪಟ್ಟು ಸಾಲ ಕೊಟ್ಟ ನಿಧಿಗಳಿಗೆ ಅಪಾಯ ಏನೆಂದು ಗೊತ್ತಿತ್ತು. ಒಂದೇ ಮನೆಗೆ ಮೂರು ತಲೆಮಾರಿನ ಉಳಿತಾಯ ಸುರಿದವರಿಗೆ ಗೊತ್ತಿರಲಿಲ್ಲ.

ಅತ್ತ ಗುವಾಂಗ್‌ಜೌ ಫುಟ್‌ಬಾಲ್ ತಂಡ ಸಾಲ ತೀರಿಸಲಾಗದೆ 2025ರ ಜನವರಿಯಲ್ಲಿ ಲೀಗ್ ಪರವಾನಗಿ ಕಳೆದುಕೊಂಡು ಮುಚ್ಚಿತು. ತಾವರೆಯಾಕಾರದ ಕ್ರೀಡಾಂಗಣದ ನೆಲ ಸರ್ಕಾರಕ್ಕೆ ಮರಳಿತ್ತು. ಸ್ಥಳೀಯ ಸರ್ಕಾರಗಳ ನೆಲದ ಆದಾಯ 2024ರ ಹೊತ್ತಿಗೆ 5 ಲಕ್ಷ ಕೋಟಿ ಯುವಾನ್‌ಗಿಂತ ಕೆಳಕ್ಕಿಳಿದಿತ್ತು. ಒಮ್ಮೆ ಎವರ್‌ಗ್ರಾಂಡ್‌ಗಿಂತ ಜಾಗರೂಕ ಎನಿಸಿದ್ದ ಕಂಟ್ರಿ ಗಾರ್ಡನ್ ಕೂಡ 2023ರಲ್ಲೇ ಸುಸ್ತಿಯಾಗಿತ್ತು. ಒಬ್ಬ ಹುಯಿ ಮಾತ್ರ ಕೆಟ್ಟವರಾಗಿದ್ದರೆ ಅವರೊಂದಿಗೆ ಇಷ್ಟೆಲ್ಲ ಬೀಳುತ್ತಿರಲಿಲ್ಲ.

ಲಿಕ್ವಿಡೇಟರ್‌ಗಳು ಈಗ ಬೆನ್ನು ಹತ್ತಿರುವುದು ಆ ಹಳೆಯ ಡಿವಿಡೆಂಡ್ ಮತ್ತು ಸಂಬಳದ ಹಣವನ್ನು. ಉಬ್ಬಿಸಿದ ಲೆಕ್ಕದ ಮೇಲೆ ಪಡೆದದ್ದನ್ನು ಹಿಂದಿರುಗಿಸಬೇಕು ಎಂದು ಹುಯಿ, ಅವರ ಮಾಜಿ ಪತ್ನಿ, ಕಂಪನಿಯ ಮಾಜಿ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಮೊದಲಾದವರ ಮೇಲೆ ಸುಮಾರು 600 ಕೋಟಿ ಡಾಲರ್‌ಗೆ ದಾವೆ ಹೂಡಿದ್ದಾರೆ. ನಿಮ್ಮ ಆಸ್ತಿ ಎಲ್ಲೆಲ್ಲಿದೆ ತಿಳಿಸಿ ಎಂದು ಕೋರ್ಟು ಆದೇಶಿಸಿದಾಗ ಹುಯಿ ಅವರಿಂದ ಪಟ್ಟಿ ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಕಾಂಗ್ ಹೈಕೋರ್ಟ್ ಅವರ ಸ್ವಂತ ಆಸ್ತಿಗಳನ್ನು ಗುರುತಿಸಿ ಕಾಯುವ ಅಧಿಕಾರವನ್ನು ಅದೇ ಲಿಕ್ವಿಡೇಟರ್‌ಗಳಿಗೆ ಕೊಟ್ಟಿತು.